ಅಮೆರಿಕದ ಹಲಗೆ – ೯: ಬಿಟ್ಟ ಕೊನೆ

"ಮುಟ್ಟಿ ನೋಡಿ ಮೇಡಂ, ಬೇಕಾದ್ರೆ ಎತ್ತಿ ನೋಡಿ. ಆದ್ರೆ ಈ ಪೇಪರ್ ಒಂದ್ಸಲ ಓದ್ಬಿಡಿ" ಎಂದು ಶಶಿಧರ್ ಕಾಗದದ ಕಟ್ಟೊಂದನ್ನು ಹಲಗೆಗಳ ಅಟ್ಟಿಯ ಮೇಲಿಟ್ಟ. "ಅಮೆರಿಕದ ವಾಲ್‌ನಟ್. ಹಡಗಲ್ಲಿ ಬಂದು ಮಂಗಳೂರಲ್ಲಿ ಇಳಿದಿದ್ದು. ನಮ್ಮ ಕಾಡಿಗೂ ಇದಕ್ಕೂ ಏನೇನೂ ಸಂಬಂಧ ಇಲ್ಲ."

ಸಬ್ ಇನ್ಸ್‌ಪೆಕ್ಟರ್ ಕವನಾ ಕಾಗದ ಬಿಟ್ಟು ಹಲಗೆ ಮುಟ್ಟಿದಳು. ತಣ್ಣಗಿತ್ತು. ಬಿಸಿಗಾಳಿಯ ಗೂಡಿನಲ್ಲಿ ಒಣಗಿಸಿ, ತಿಂಗಳುಗಟ್ಟಲೆ ಹಡಗಿನಲ್ಲಿಟ್ಟು ತಂದ ಮರ ಜನವರಿಯ ಹನ್ನೊಂದು ಗಂಟೆ ಬಿಸಿಲಿಗೆ ಹೀಗೆ ಒದ್ದೆ ಬಟ್ಟೆಯಂತೆ ತಣ್ಣಗಿರುವುದಿಲ್ಲ.

"ಕಾಡಿನ ಸುದ್ದಿ ನಾನು ಎತ್ತಲೇ ಇಲ್ವಲ್ಲ" ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರು ಹಳೆಯ ಕಾಲದವರು. ಶಶಿಧರ್ ಈ ಕಾಲದವನು. ಹೆಗಲು ಮುಟ್ಟಿಕೊಳ್ಳಲಿಲ್ಲ, ನಕ್ಕ. ಚಿಕ್ಕಮಗಳೂರಿನ ಹೊರವಲಯದಲ್ಲಿ, ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳ ಸಾಲು ಮುಗಿಯುವಲ್ಲಿ ಅವನ ಮಿಲ್ಲು. ಊರಿನ ಹೋಂಸ್ಟೇಗಳಿಗೆಲ್ಲ ಬಾಗಿಲು, ಮಂಚ, ಮೇಜು ಇಲ್ಲಿಂದಲೇ ಹೋಗುವುದು. ಮಾತಿನಲ್ಲಿ ಬೆಣ್ಣೆ, ಕೈಯಲ್ಲಿ ಚಿನ್ನದ ಕಡಗ.

ಕವನಾ ಬಂದಿದ್ದು ಮರಕ್ಕಲ್ಲ, ಮನುಷ್ಯನಿಗೆ. ಹನ್ನೊಂದು ದಿನದ ಹಿಂದೆ ಅತ್ತಿಗುಂಡಿಯ ಆಚೆ, ಪ್ಲಾಂಟರ್ ರುದ್ರಪ್ಪನವರ ಎಸ್ಟೇಟಿನ ಕೆಳಗಿನ ಕಣಿವೆಯಲ್ಲಿ, ಕಳ್ಳತನದಿಂದ ಮರ ಕೊಯ್ಯುತ್ತಿದ್ದ ಗುಂಡಿಯೊಳಗೆ ತಮ್ಮಯ್ಯನೆಂಬ ಗರಗಸದವನ ಹೆಣ ಸಿಕ್ಕಿತ್ತು. ಅವನ ಜೊತೆಗಾರ ನಿಂಗಯ್ಯ ಅದೇ ದಿನದಿಂದ ಕಾಣೆ. ಆ ಗುಂಡಿಯ ಹಲಗೆ ಈ ಮಿಲ್ಲಿಗೆ ಬರುತ್ತದೆಂದು ಸುದ್ದಿಯಿತ್ತು.

ಜೊತೆಗಾರನ ಮೇಲೆ ದಿಮ್ಮಿ ಉರುಳಿಸಿ ನಿಂಗಯ್ಯ ಓಡಿಹೋದ ಎಂದು ಊರು ತೀರ್ಪು ಕೊಟ್ಟಾಗಿತ್ತು. ಮೇಲಿನ ಸಾಹೇಬರು ಅದಕ್ಕೆ ಇವತ್ತು ಸಂಜೆಯೊಳಗೆ ಸಹಿ ಬಿದ್ದುಬಿಡಲಿ ಎನ್ನುತ್ತಿದ್ದರು. ಇಲ್ಲ ಎನ್ನುತ್ತಿದ್ದವಳು ಒಬ್ಬಳೇ, ನಿಂಗಯ್ಯನ ಹೆಂಡತಿ ಯಲ್ಲಮ್ಮ. ಹನ್ನೊಂದು ದಿನವೂ ಬೆಳಿಗ್ಗೆ ಠಾಣೆಯ ಮೆಟ್ಟಿಲ ಮೇಲೆ ಕೂತು, "ನಮ್ಮನೆಯವ್ರನ್ನ ಎಲ್ಲೋ ಕೂಡಿ ಹಾಕಿದಾರೆ, ಹುಡುಕ್ಕೊಡಿ" ಎಂದು ಅದೇ ಮಾತು ಹೇಳಿ ಕೆಲಸಕ್ಕೆ ಹೋಗುತ್ತಿದ್ದಳು.

ಅವಳ ಮಾತು ಕವನಾಳ ಎದೆಗೆ ಚುಚ್ಚಿಕೊಂಡಿತ್ತು. ನಿಂಗಯ್ಯ ಜೀವಂತ ಸಿಗಬೇಕು. ಬೇರೇನೂ ಅವಳಿಗೆ ಬೇಕಿರಲಿಲ್ಲ.

"ನಿಮ್ಮ ಗೋಡೆ ಮೇಲಿನ ಫೋಟೋ ಚೆನ್ನಾಗಿದಾವೆ" ಎಂದಳು.

ಶಶಿಧರ್ ಅರಳಿದ. ಶೆಡ್ಡಿನ ಒಂದು ಮಗ್ಗುಲಿಗೆ ಅವನ ಗಾಜಿನ ಆಫೀಸು. ಅದರ ಗೋಡೆಯ ತುಂಬ ಕಪ್ಪು ಬಿಳುಪು ಚಿತ್ರಗಳು, ಒಂದೊಂದರ ಕೆಳಗೂ ಸಣ್ಣ ವಿವರಣೆ. ಒಂದು ಮರದ ಬುಡಕ್ಕೆ ಹಾಕಿದ ಕಚ್ಚಿನೊಳಗೆ ಎಂಟು ಜನ ಮಲಗಿದ್ದಾರೆ. ಇನ್ನೊಂದರಲ್ಲಿ ನದಿಯೇ ಕಾಣದಂತೆ ದಿಮ್ಮಿಗಳು.

"ಮೆಷಿನ್ ಟ್ರೈನಿಂಗ್‌ಗೆ ಆರು ತಿಂಗಳು ಅಲ್ಲಿದ್ದೆ ಮೇಡಂ. ಆ ಜನರ ಧೈರ್ಯ ನೋಡಬೇಕು. ಮೊದಲು ಮೇನ್ ಅಂತ ಒಂದು ರಾಜ್ಯ. ಅಲ್ಲಿ ಪೈನ್ ಮುಗೀತು, ಮಿಷಿಗನ್‌ಗೆ ಹೋದ್ರು. ಅಲ್ಲೂ ಮುಗೀತು, ದಕ್ಷಿಣಕ್ಕೆ ಇಳಿದ್ರು. ಆಮೇಲೆ ಪಶ್ಚಿಮದ ಸಮುದ್ರ ಸಿಗೋ ತನಕ. ಕಡಿ, ಕೊಯ್ಯಿ, ಮುಂದಕ್ಕೆ ನಡಿ!"

"ಹಿಂದೆ ಏನುಳೀತು?"

"ಮೋಟು. ಒಂದಷ್ಟು ಖಾಲಿ ಊರು." ಅವನಿಗೆ ಅದರಲ್ಲಿ ಬೇಸರವೇನೂ ಇದ್ದಂತೆ ಕಾಣಲಿಲ್ಲ. "ಆಮೇಲೆ ನೆಟ್ರು ಬಿಡಿ. ಈಗ ಅಲ್ಲಿ ಕಾಡೂ ಒಂದು ಬೆಳೆ."

"ಅವ್ರಿಗೆ ಮುಂದಕ್ಕೆ ಹೋಗಕ್ಕೆ ಜಾಗ ಇತ್ತು. ನಮ್ಮಲ್ಲಿ ಬಾಬಾಬುಡನ್‌ಗಿರಿ ಮುಗಿದ್ರೆ ಎಲ್ಲಿಗೆ ಹೋಗೋದು?"

ಶಶಿಧರ್ ಕೈಯ ಕಡಗ ಮೇಲೆ ಸರಿಸಿಕೊಂಡ. ಕವನಾ ನದಿಯ ಚಿತ್ರದ ಮೇಲೆ ಬೆರಳಿಟ್ಟಳು. "ಇಷ್ಟು ದಿಮ್ಮೀಲಿ ಯಾರದು ಯಾವುದು ಅಂತ ಹೇಗೆ ಗೊತ್ತಾಗ್ತಿತ್ತು?"

"ತುದೀಲಿ ಮುದ್ರೆ ಮೇಡಂ. ಒಂದೊಂದು ಕಂಪನಿಗೆ ಒಂದೊಂದು ಸುತ್ತಿಗೆ. ನಮ್ಮ ಫಾರೆಸ್ಟ್‌ನವರು ಹೊಡೀತಾರಲ್ಲ, ಹಾಗೇ. ಕಳ್ಳರೂ ಇದ್ರು. ರಾತ್ರೋರಾತ್ರಿ ತುದಿಯನ್ನೇ ಕೊಯ್ದು ಬಿಸಾಕಿ ತಮ್ಮ ಮುದ್ರೆ ಹೊಡ್ಕೊಳ್ತಿದ್ರು."

"ಅಂದ್ರೆ ಕಳ್ಳನ್ನ ಹುಡುಕಬೇಕಾದ್ರೆ ತುದಿ ನೋಡಬೇಕು."

ಶಶಿಧರನ ನಗು ಮುಖದ ಮೇಲೆ ಇತ್ತು, ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಕವನಾ ಆಗಲೇ ಅಟ್ಟಿಯ ಕಡೆಗೆ ತಿರುಗಿದ್ದಳು.

ಹಲಗೆಗಳ ತುದಿಗೆಲ್ಲ ಕೆಂಪು ಮೇಣ ಬಳಿದಿತ್ತು. ಬಿರುಕು ಬಿಡದಿರಲಿ ಎಂದು ಅಮೆರಿಕದ ಮಿಲ್ಲುಗಳಲ್ಲಿ ಹಾಗೆ ಬಳಿಯುತ್ತಾರಂತೆ. ಕಾಗದದಲ್ಲೂ ಬರೆದಿತ್ತು. ತಪ್ಪೇನಿಲ್ಲ. ಆದರೆ ಮೇಣ ತುದಿಯಲ್ಲೇ ನಿಂತಿರಲಿಲ್ಲ. ಮೂಲೆ ತಿರುಗಿ, ಹಲಗೆಯ ಮೈ ಮೇಲೂ ಹತ್ತಿತ್ತು. ಅದೂ ಒಂದೇ ತುದಿಯಲ್ಲಿ. ಇನ್ನೊಂದು ತುದಿಯಲ್ಲಿ ಅಚ್ಚುಕಟ್ಟು.

"ಜಯದೇವಪ್ಪ, ಇದನ್ನ ಕೆರೀರಿ."

ಹೆಡ್ ಕಾನ್‌ಸ್ಟೆಬಲ್ ಜಯದೇವಪ್ಪ ಕಳಸದ ಕಡೆಯವನು. ನಿವೃತ್ತಿಗೆ ಎರಡು ವರ್ಷ ಇತ್ತು. ಜೇಬಿನಿಂದ ಅಡಿಕೆ ಕತ್ತರಿಸುವ ಚಾಕು ತೆಗೆದು ಕೂತ. ಶಶಿಧರ್ "ಏ, ಮಾಲು ಹಾಳಾಗ್ತದೆ!" ಎಂದ. ಜಯದೇವಪ್ಪನಿಗೆ ಕಿವಿ ಕೇಳಿಸುವುದೂ ಬಿಡುವುದೂ ಅವನ ಇಷ್ಟ.

ಮೇಣ ಸಿಪ್ಪೆಯಂತೆ ಸುಲಿದು ಬಂತು. ಕೆಳಗೆ ಮರ ನೇರಳೆ ಕಪ್ಪು. ಗಮ್ಮೆಂದು ಸಿಹಿ ವಾಸನೆ ಎದ್ದಿತು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಆ ವಾಸನೆಗೆ ಹೆಸರು ಹೇಳಿಕೊಡಬೇಕಾಗಿಲ್ಲ.

"ಬೀಟೆ" ಎಂದ ಜಯದೇವಪ್ಪ. ಆಮೇಲೆ ಕೈ ತಡೆದು, "ಇದೆಂತ ಮಾರಾಯ..." ಎಂದು ತನ್ನಷ್ಟಕ್ಕೇ ಗೊಣಗಿದ.

ಹಲಗೆಯ ಮೈಯೆಲ್ಲ ಗರಗಸದ ಗೆರೆ. ಕೊನೆಯಲ್ಲಿ ಮಾತ್ರ ಗೆರೆ ನಿಂತು, ಮರ ಒರಟಾಗಿ ಸಿಗಿದಿತ್ತು. ಕೊಯ್ದದ್ದಲ್ಲ, ಹರಿದದ್ದು.

"ಮೇಡಂ, ನಮ್ಮಜ್ಜ ಈ ಕೆಲಸದಲ್ಲೇ ಸವೆದೋದ್ರು" ಎಂದ ಜಯದೇವಪ್ಪ. "ಗುಂಡಿ ಮೇಲೆ ದಿಮ್ಮಿ ಅಡ್ಡ ಇಡೋದು. ಮೇಲೊಬ್ಬ ನಿಲ್ತಾನೆ, ಗುಂಡಿ ಒಳಗೊಬ್ಬ. ಉದ್ದ ಗರಗಸ, ಇಬ್ರೂ ಎಳೀಬೇಕು. ಆದ್ರೆ ಪೂರ್ತಿ ಕೊಯ್ಯಲ್ಲ. ಪೂರ್ತಿ ಕೊಯ್ದ್ರೆ ಹಲಗೆ ಬಿಚ್ಕಂಡು ಕೆಳಗಾಳಿನ ತಲೆ ಮೇಲೆ ಬೀಳ್ತದೆ. ಅದ್ಕೆ ಕೊನೇಲಿ ಸ್ವಲ್ಪ ಬಿಡೋದು. ಎಲ್ಲಾ ಹಲಗೆ ಆದ ಮೇಲೆ ಬೆಣೆ ಹೊಡೆದು ಸಿಗಿಯೋದು. ಇದು ಆ ಬಿಟ್ಟ ಕೊನೆ."

ಕವನಾ ಎದ್ದು ನಿಂತಳು. "ಶಶಿಧರ್ ಅವ್ರೇ, ಅಮೆರಿಕದಲ್ಲಿ ಗುಂಡಿಗಿಳಿದು ಕೈಗರಗಸ ಎಳೆಯೋರು ಇನ್ನೂ ಇದಾರಾ?"

"ಸಣ್ಣಪುಟ್ಟ ಮಿಲ್ಲು ಇರ್ತಾವೆ..."

"ಅಲ್ಲಿ ಇದು ನಿಂತು ನೂರೈವತ್ತು ವರ್ಷದ ಮೇಲಾಯ್ತು ಅಂತ ನಿಮ್ಮ ಫೋಟೋ ಕೆಳಗೆ ನೀವೇ ಬರೆಸಿದ್ದೀರಿ."

ಅವನು ಫೋನಿಗೆ ಕೈ ಹಾಕಿದ.

"ಲಾಯರಿಗೆ ಮಾಡಿ, ಬೇಡ ಅನ್ನಲ್ಲ. ಫಾರೆಸ್ಟ್‌ನವರಿಗೆ ನಾನಾಗಲೇ ಮಾಡಿದೀನಿ, ಇನ್ನೊಂದು ಗಂಟೇಲಿ ಬರ್ತಾರೆ. ಬೀಟೆ ಅವರ ಕೇಸು." ಕವನಾ ಒಂದು ಹೆಜ್ಜೆ ಹತ್ತಿರ ಬಂದಳು. "ನಿಮ್ಮ ಅಮೆರಿಕದ ಕಳ್ಳರು ನಿಮಗಿಂತ ಬುದ್ಧಿವಂತರು. ತುದಿ ಕೊಯ್ದು ಬಿಸಾಕಿದ್ರು. ನಿಮಗೆ ಅಷ್ಟು ಬೀಟೆ ಬಿಸಾಕೋಕೆ ಮನಸ್ಸು ಬರಲಿಲ್ಲ, ಮೇಣ ಬಳಿದ್ರಿ. ಈಗ ನನ್ನ ಕೇಸಿನ ಮಾತಾಡೋಣ. ಇದನ್ನ ಕೊಯ್ದ ಕೈ ಎಲ್ಲಿದೆ?"

ದುರಾಸೆಯ ಮನುಷ್ಯನಿಗೆ ಕೊಲೆಯ ಹೆಸರು ಕೇಳಿದರೆ ದುರಾಸೆ ತಟ್ಟನೆ ಚಿಕ್ಕ ಪಾಪವಾಗಿ ಕಾಣುತ್ತದೆ. ಒಪ್ಪಿಕೊಳ್ಳುವುದೂ ಆಗ ಸುಲಭ. ಶಶಿಧರ್ ಕುರ್ಚಿ ಎಳೆದುಕೊಂಡು ಕುಳಿತ.

"ನಾನು ಮರ ತಗೊಂಡಿದ್ದು ನಿಜ. ಮನುಷ್ಯರನ್ನ ನೋಡಿಲ್ಲ ಮೇಡಂ, ಧರ್ಮಸ್ಥಳದಾಣೆ. ಪಿಕಪ್ಪಲ್ಲಿ ಬರುತ್ತೆ, ಕಾಫಿ ಮೂಟೆ ಕೆಳಗೆ. ಚೈನ್‌ಸಾ ಆದ್ರೆ ಮೂರು ಗುಡ್ಡಕ್ಕೆ ಕೇಳುತ್ತೆ, ದಿಮ್ಮಿ ಆದ್ರೆ ಚೆಕ್‌ಪೋಸ್ಟಲ್ಲಿ ಹಿಡೀತಾರೆ. ಅದಕ್ಕೇ ಅಲ್ಲೇ ಕೈಯಲ್ಲಿ ಕೊಯ್ಸೋದು ಅಂತ ಆಯ್ತು. ಹೆಣ ಬಿದ್ದ ಮೇಲೆ ನಿಂತೇ ಹೋಯ್ತು ಅಂದ್ಕೊಂಡಿದ್ದೆ."

"ನಿಲ್ಲಲಿಲ್ಲ."

"ಇಲ್ಲ. ಮೊನ್ನೆ ಬೆಳಿಗ್ಗೆ ಮತ್ತೆ ಒಂದು ಲೋಡ್ ಬಂತು. ಇದೇ." ಅವನು ಕವನಾ ಕೈಯಿಟ್ಟಿದ್ದ ಅಟ್ಟಿಯನ್ನು ತೋರಿಸಿದ. "ಆ ಕಡೇದು ಹಳೇದು. ಡಿಸೆಂಬರಿಂದು."

ಮೊನ್ನೆ! ಕವನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈ ಗುಡ್ಡಗಳಲ್ಲಿ ಕೈಗರಗಸದ ಕೆಲಸ ಬಲ್ಲವರು ಉಳಿದಿದ್ದು ಇಬ್ಬರೇ ಎಂದು ಇಡೀ ಸೀಮೆಗೆ ಗೊತ್ತು. ಒಬ್ಬ ಸತ್ತು ಬೂದಿಯಾಗಿ ಹತ್ತು ದಿನ. ಗುಂಡಿಯೊಳಗೆ ನಿಂತು ಎಳೆಯಲು ಯಾವ ಆಳಾದರೂ ಆದೀತು, ಮೇಲೆ ನಿಂತು ಈ ಹಸಿ ಹಲಗೆ ಕೊಯ್ದವನು ಇನ್ನೊಬ್ಬನೇ. ನಿಂಗಯ್ಯ ಬದುಕಿದ್ದಾನೆ. ಯಾರೋ ಅವನನ್ನು ಕೂಡಿ ಹಾಕಿಕೊಂಡು ದುಡಿಸುತ್ತಿದ್ದಾರೆ. ಯಲ್ಲಮ್ಮ ಹನ್ನೊಂದು ದಿನ ಹೇಳಿದ್ದು ಅಕ್ಷರಶಃ ಸತ್ಯ.

"ಲೋಡ್ ಎಲ್ಲಿಂದ ಬಂತು?"

"ಡ್ರೈವರ್‌ಗೂ ಗೊತ್ತಿಲ್ಲ. ಗೇಟ್ ಹತ್ರ ಗಾಡಿ ಬಿಟ್ಟು ಹೋಗ್ತಾನೆ, ಬೇರೆ ಯಾರೋ ತುಂಬಿಸಿ ತಂದು ನಿಲ್ಲಿಸ್ತಾರೆ."

"ಯಾರ ಗೇಟು?"

ಶಶಿಧರ್ ಬಾಗಿಲ ಕಡೆ ನೋಡಿದ. ಹೆಣ ಸಿಕ್ಕ ಕಣಿವೆಯ ಮೇಲಿನ ಎಸ್ಟೇಟಿನ ರುದ್ರಪ್ಪನವರ ಹೆಸರು ಆ ಶೆಡ್ಡಿನಲ್ಲಿ ಯಾರೂ ಹೇಳದೆಯೇ ಬಂದು ನಿಂತಿತು.

ಕವನಾ ಮೇಲಿನವರಿಗೆ ಫೋನ್ ಮಾಡುವ ಮೊದಲು ಇನ್ನೊಂದು ಕೆಲಸ ಮಾಡಿದಳು. ಆತುರದ ಕೆಲಸ. ಅದಕ್ಕಾಗಿ ಅವಳು ತನ್ನನ್ನು ಬಹಳ ಕಾಲ ಕ್ಷಮಿಸಿಕೊಳ್ಳಲಾರಳು.

"ಯಲ್ಲಮ್ಮ ಜೀಪಲ್ಲಿದಾರೆ ಅಲ್ವಾ? ಕರೀರಿ" ಎಂದಳು.

ಯಲ್ಲಮ್ಮನನ್ನು ಬೆಳಿಗ್ಗೆ ಠಾಣೆಯಿಂದಲೇ ಜೊತೆಗೆ ಕರೆತಂದಿದ್ದರು. ಮಿಲ್ಲಿನಲ್ಲಿ ಗಂಡನ ಗರಗಸವೋ ಬಟ್ಟೆಯೋ ಕಂಡರೆ ಗುರುತು ಹಿಡಿಯಲಿ ಎಂದು. ನಲವತ್ತೈದರ ಹೆಂಗಸು. ಕಾಫಿ ಕುಯ್ಲಿಗೆ ಹೋಗುವ ವೇಷದಲ್ಲೇ ಇದ್ದಳು. ಸೀರೆ ಮೇಲೆ ಗಂಡನದೊಂದು ಹಳೇ ಶರ್ಟು, ಸೊಂಟಕ್ಕೆ ಕಟ್ಟಿದ ಚೀಲ.

ಕವನಾ ಅವಳ ಎರಡೂ ಕೈ ಹಿಡಿದುಕೊಂಡಳು. "ಯಲ್ಲಮ್ಮ, ನಿಮ್ಮ ಮಾತೇ ನಿಜ. ನಿಮ್ಮೆಜಮಾನ್ರು ಬದುಕಿದಾರೆ. ಮೊನ್ನೆ ಕೊಯ್ದ ಹಲಗೆ ಇಲ್ಲಿದೆ."

ಯಲ್ಲಮ್ಮನ ಮುಖ ನೋಡಲು ಆಗಲಿಲ್ಲ. ಹನ್ನೊಂದು ದಿನದ ಬಿಗಿ ಒಮ್ಮೆಗೇ ಸಡಿಲವಾಗಿ, ಅವಳು ನಗುತ್ತಲೂ ಅಳುತ್ತಲೂ ಅಲ್ಲೇ ನೆಲಕ್ಕೆ ಕುಸಿದಳು. "ಹೊರನಾಡಮ್ಮ, ನಿನ್ನ ಮಡಿಲು ತುಂಬ್ತೀನಿ ಕಣೆ ತಾಯಿ" ಎಂದಳು. ಜಯದೇವಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಪೊಲೀಸು ಕೆಲಸದಲ್ಲಿ ಒಳ್ಳೆಯ ಸುದ್ದಿ ಹೇಳುವ ದಿನ ವರ್ಷಕ್ಕೆ ಎರಡೋ ಮೂರೋ.

"ಎಲ್ಲಿ? ತೋರ್ಸಿ" ಎಂದಳು ಯಲ್ಲಮ್ಮ.

ಅವಳು ಹಳೆಯ ಅಟ್ಟಿಯ ಬಳಿಯೇ ಮೊದಲು ಹೋದಳು. ಜಯದೇವಪ್ಪ ಅಲ್ಲೂ ಒಂದು ಹಲಗೆಯ ಮೇಣ ಕೆರೆದಿದ್ದ. ಯಲ್ಲಮ್ಮ ಸಿಗಿದ ಜಾಗದ ಮೇಲೆ ಕೈಯಿಟ್ಟು ನಾಲ್ಕು ಬೆರಳು ಕೂಡಿಸಿದಳು. ಅಳತೆ ತೆಗೆದಂತೆ ಕೂತಿತು.

"ಇದು ನಮ್ಮನೆಯವ್ರದ್ದು" ಎಂದಳು ಹೆಮ್ಮೆಯಿಂದ. "ಮೇಲಾಳು ಅವ್ರೇ ಯಾವಾಗ್ಲೂ. ನಾಲ್ಕು ಬೆರಳಿಗಿಂತ ಜಾಸ್ತಿ ಬಿಡಲ್ಲ. ಹಾಳು ಮಾಡಿ ಮರದ ಕೈಲಿ ಬೈಸ್ಕೋಬಾರ್ದು ಅಂತಾರೆ. ಕೊಬ್ಬು!"

"ಹೊಸದು ಇಲ್ಲಿದೆ ನೋಡಿ."

ಯಲ್ಲಮ್ಮ ಹಸಿ ಹಲಗೆಯ ಕೊನೆ ನೋಡಿದಳು. ಬೆರಳು ಕೂಡಿಸಿ ಇಟ್ಟಳು. ಸಾಲಲಿಲ್ಲ. ಬೆರಳು ಅಗಲಿಸಿದಳು. ಹೆಬ್ಬೆರಳಿನಿಂದ ಕಿರುಬೆರಳಿನ ತುದಿಗೆ, ಒಂದು ಗೇಣು.

"ಹೆದರಿಕೊಂಡು ಕೊಯ್ದಿರಬಹುದು" ಎಂದಳು ಕವನಾ. "ಬಲವಂತಕ್ಕೆ, ಆತುರಕ್ಕೆ."

ಯಲ್ಲಮ್ಮ ತಲೆಯಾಡಿಸಲಿಲ್ಲ. ಎರಡನೇ ಹಲಗೆಗೆ ಹೋದಳು. ತಾನೇ ಉಗುರಿನಲ್ಲಿ ಮೇಣ ಕಿತ್ತಳು. ಗೇಣು. ಮೂರನೆಯದು, ಅದೂ ಗೇಣು. ಮೂಲೆಯಲ್ಲಿ ಬೆಣೆ ಹೊಡೆದ ಕಚ್ಚು. ಅದರ ಮೇಲೆ ಅವಳ ಹೆಬ್ಬೆರಳು ನಿಂತುಬಿಟ್ಟಿತು.

"ಬೆಣೆ ಪಕ್ಕದಿಂದ ಹೊಡೆದಿದಾರೆ" ಎಂದಳು. ದನಿ ಈಗ ಬೇರೆಯಾಗಿತ್ತು. "ನಮ್ಮೋರು ನಡುವಿಗೇ ಹೊಡೆಯೋದು."

"ಅಂದ್ರೆ?"

"ಇದು ತಮ್ಮಯ್ಯಣ್ಣನ ಕೈ."

ಹೊರಗೆ ಕ್ಯೂರಿಂಗ್ ವರ್ಕ್ಸ್‌ನ ಲಾರಿಯೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

"ತಮ್ಮಯ್ಯ ಸತ್ತಿದಾನಲ್ಲ ಯಲ್ಲಮ್ಮ" ಎಂದ ಜಯದೇವಪ್ಪ, ಮಗುವಿಗೆ ಹೇಳುವಂತೆ.

"ಗೊತ್ತು. ನಂಗೂ ಗೊತ್ತು." ಅವಳು ಹಲಗೆಯಿಂದ ಕಣ್ಣು ತೆಗೆಯಲಿಲ್ಲ. "ಅವ್ರು ಕೆಳಗಾಳು. ಚಿಕ್ಕೋರಿದ್ದಾಗ ಒಂದ್ಸಲ ಹಲಗೆ ಬಿಚ್ಕಂಡು ಅವ್ರ ಬೆನ್ನಿಗೆ ಬಿದ್ದಿತ್ತು. ನಮ್ಮೋರಿಗೆ ಜ್ವರ ಬಂದಾಗ ತಮ್ಮಯ್ಯಣ್ಣ ಮೇಲೆ ನಿಲ್ತಿದ್ರು, ಕೂಲಿ ಹೋಗಬಾರ್ದು ಅಂತ ನಾನೇ ಗುಂಡಿಗಿಳೀತಿದ್ದೆ. 'ನಾಲ್ಕು ಬೆರಳು ನಿನ್ನ ಗಂಡನಿಗೆ ಸಾಕು, ನಂಗೆ ಗೇಣು ಬೇಕು, ನೀನು ಕೆಳಗಿದ್ದೀಯ' ಅಂತಿದ್ರು. ಬೆನ್ನು ಬಗ್ಗಲ್ಲ ಅಂತ ಬೆಣೆ ಪಕ್ಕದಿಂದ್ಲೇ ಹೊಡೀತಿದ್ರು."

"ತಮ್ಮಯ್ಯ ಮೇಲೆ ನಿಂತಿದ್ರೆ, ನಿಂಗಯ್ಯ ಕೆಳಗೆ ಇರಬಹುದಲ್ವಾ?" ಎಂದಳು ಕವನಾ. ಹೇಳುತ್ತಿದ್ದಂತೆಯೇ ಆ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವಳಿಗೆ ತಿಳಿಯಿತು. ನಿಲ್ಲಿಸಲು ತಡವಾಗಿತ್ತು.

"ನಮ್ಮೋರು ಗುಂಡಿಗೆ ಇಳಿಯಲ್ಲ ಅಮ್ಮ. ಇಳಿದ್ರೆ ಹುಡಿ ಕುಡಿದು ಸತ್ತೇ ಹೋಗ್ತಾರೆ. ಮೊದಲಿಂದ ಉಬ್ಬಸ ಅವ್ರಿಗೆ."

ಉಬ್ಬಸ.

ಪೋಸ್ಟ್‌ಮಾರ್ಟಂ ವರದಿಯ ಎರಡನೇ ಪುಟ ಕವನಾಳ ಕಣ್ಣೆದುರು ಬಂತು. ಶ್ವಾಸಕೋಶದಲ್ಲಿ ಬಹಳ ಕಾಲದ ಉಬ್ಬಸದ ಗುರುತು. ಅವಳು ಅದನ್ನು ಓದಿದ್ದಳು. ಗುಂಡಿಯೊಳಗೆ ನಿಂತು ಮೂವತ್ತು ವರ್ಷ ಮರದ ಹುಡಿ ಕುಡಿದ ಕೆಳಗಾಳಿಗೆ ಇನ್ನೇನಿರುತ್ತದೆ ಎಂದುಕೊಂಡು ಪುಟ ತಿರುಗಿಸಿದ್ದಳು. ಗುಂಡಿಯಲ್ಲಿ ಸಿಕ್ಕಿದ್ದ ಹೆಣ ತಮ್ಮಯ್ಯನದಲ್ಲ, ನಿಂಗಯ್ಯನದು.

ದಿಮ್ಮಿ ಉರುಳಿ ಮುಖ ಉಳಿದಿರಲಿಲ್ಲ. ಇಬ್ಬರದೂ ಒಂದೇ ಮೈಕಟ್ಟು, ಒಂದೇ ವಯಸ್ಸು. ಮೈ ಮೇಲಿದ್ದದ್ದು ತಮ್ಮಯ್ಯನ ಶರ್ಟು. ತಮ್ಮಯ್ಯನ ಹೆಂಡತಿ ವಸಂತಮ್ಮ ಬಂದು, ಒಮ್ಮೆ ನೋಡಿ, "ಅವ್ರೇ" ಎಂದು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಟ್ಟಿಕೊಂಡವಳೇ ಹೇಳಿದ ಮೇಲೆ ಇನ್ಯಾರನ್ನು ಕೇಳುವುದು? ಬೆರಳಚ್ಚು ತೆಗೆಸೋಣವೇ ಎಂದು ಜಯದೇವಪ್ಪ ಕೇಳಿದ್ದ. ಬೇಡ ಎಂದವಳು ಕವನಾ. ಪಂಚನಾಮೆಗೆ ಸಹಿ ಹಾಕಿದವಳೂ ಅವಳೇ.

ಐದು ನಿಮಿಷದ ಹಿಂದೆ ಇದೇ ಹೆಂಗಸಿನ ಕೈ ಹಿಡಿದು ನಿನ್ನ ಗಂಡ ಬದುಕಿದ್ದಾನೆ ಎಂದವಳೂ ಅವಳೇ. ಕವನಾಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಶಶಿಧರನ ಮುಖ ಸುಣ್ಣದಂತಾಗಿತ್ತು. "ನಂಗೆ ಗೊತ್ತಿರಲಿಲ್ಲ ಮೇಡಂ" ಎನ್ನುತ್ತಿದ್ದ, ಯಾರೂ ಕೇಳದಿದ್ದರೂ. "ಯಾರು ಸತ್ತಿದ್ದು ಅಂತ ನಿಜವಾಗ್ಲೂ ಗೊತ್ತಿರಲಿಲ್ಲ."

"ಜಯದೇವಪ್ಪ" ಎಂದಳು ಕವನಾ. "ಎಸ್ಟೇಟಿನ ಕೂಲಿ ಲೈನಲ್ಲಿರೋ ವಸಂತಮ್ಮನ ಮನೆಗೆ ಯಾರನ್ನಾದ್ರೂ ಓಡಿಸಿ. ಈಗಲೇ. ಬಾಗಿಲು ಕಾಯಲಿ, ಒಳಗೆ ಹೋಗೋದು ಬೇಡ."

ಜಯದೇವಪ್ಪ ಫೋನ್ ಹಿಡಿದು ಹೊರಗೆ ನಡೆದ. ಕವನಾ ಯಲ್ಲಮ್ಮನ ಪಕ್ಕ ನೆಲದಲ್ಲೇ ಕುಳಿತಳು.

ಯಲ್ಲಮ್ಮ ಅಳಲಿಲ್ಲ. ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದಳು, ಒಂದೊಂದೇ ಹೆಜ್ಜೆಯಾಗಿ.

"ಸಾವಾದ್ರೆ ಲೈನಿನೋರೆಲ್ಲ ಮನೆಗೊಂದು ಕಟ್ಟಿಗೆ ಕೊಡ್ಬೇಕು, ನಮ್ಮಲ್ಲಿ ಹಾಗೆ. ಅವತ್ತು ಎಲ್ಲ ನನ್ನನ್ನ ಒಂಥರಾ ನೋಡ್ತಿದ್ರು, ನಿನ್ನ ಗಂಡನೇ ಕೊಂದಿದ್ದು ಅಂತ. ಆದ್ರೂ ನಾನು ಹೊತ್ಕಂಡು ಹೋದೆ. ತಮ್ಮಯ್ಯಣ್ಣ ನಂಗೂ ಅಣ್ಣನ ಹಾಗೇ ಅಲ್ವಾ? ಹೆಣ ಬಿಳೀ ಬಟ್ಟೇಲಿ ಸುತ್ತಿತ್ತು, ಮುಖ ಕಾಣ್ತಿರಲಿಲ್ಲ. ವಸಂತಮ್ಮ ಬಾಗಿಲಲ್ಲಿ ನಿಂತು ಎಲ್ಲರ ಕಟ್ಟಿಗೇನೂ ಈಸ್ಕಂತಿದ್ಲು."

"ನಿಮ್ಮದೂ ತಗೊಂಡ್ರಾ?"

"ಇಲ್ಲ." ಯಲ್ಲಮ್ಮ ಮೊದಲ ಸಲ ತಲೆಯೆತ್ತಿ ಕವನಾಳನ್ನು ನೋಡಿದಳು. "ನಂದು ಮುಟ್ಟಲೇ ಇಲ್ಲ. ಹೆಂಗಸ್ರು ಸುಡೋ ಜಾಗಕ್ಕೆ ಹೋಗಲ್ಲ ನಮ್ಮಲ್ಲಿ. ಆದ್ರೂ ನನ್ನ ಕೈ ಹಿಡ್ಕಂಡು ಚಿತೆ ತನಕ ಕರ್ಕಂಡು ಹೋದ್ಲು. 'ಇದನ್ನ ಬೇರೆಯೋರ ಕೈಗೆ ಕೊಡಬ್ಯಾಡ ಯಲ್ಲಿ' ಅಂದ್ಲು. 'ನಿನ್ನ ಕೈಯಾರೆ ನೀನೇ ಇಡು.'"